‘ಅರಳುಮರಳು’ ಎಂಬ ಅಸಡ್ಡೆ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದಾಗ, ಒಲೆಯ ಮೇಲೆ ಹಾಲಿಟ್ಟು ಮರೆತಾಗ, ಬೀಗದ ಕೈಯನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಮನೆಯನ್ನೆಲ್ಲ ಹುಡುಕಿದಾಗ ಈ ಗಾದೆ ತಾನಾಗಿ ನಾಲಗೆಗೆ ಬರುತ್ತದೆ. ಅಲ್ಲಿಗೆ ವಿಚಾರ ಮುಗಿಯುತ್ತದೆ. ಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ಹಿರಿಯರು ನಾಚಿ ಸುಮ್ಮನಾಗುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಇನ್ನೊಂದು ಗಾದೆ ಇದ್ದರೂ, ಈ ಗಾದೆಯಂತೂ ಸುಳ್ಳು. ಈ ಸುಳ್ಳಿನಿಂದ ಆಗುತ್ತಿರುವ ಹಾನಿ ಅಲ್ಪವಲ್ಲ.

ಲೆಕ್ಕವನ್ನೇ ನೋಡಬಹುದು. ಭಾರತದ ವೃದ್ಧರನ್ನು ಕುರಿತ ರಾಷ್ಟ್ರಮಟ್ಟದ ದೀರ್ಘಾವಧಿ ಅಧ್ಯಯನದ ಅಂಗವಾಗಿ ನಡೆದು 2023ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಈ ದೇಶದಲ್ಲಿ 60 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ 7.4ರಷ್ಟು ಮಂದಿ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಗೆ ಒಳಗಾಗಿದ್ದಾರೆ. ಒಟ್ಟು ಸುಮಾರು 88 ಲಕ್ಷ ಜನ. ಸಂಖ್ಯೆ ದೊಡ್ಡದು, ನಿಜ. ಆದರೆ ಅದೇ ಲೆಕ್ಕದ ಇನ್ನೊಂದು ಮುಖವೆಂದರೆ, ನೂರಕ್ಕೆ 92ಕ್ಕೂ ಹೆಚ್ಚು ಹಿರಿಯರಿಗೆ ಈ ಕಾಯಿಲೆ ಇಲ್ಲ. ಮತಿಗೆಡುವುದು ಮುಪ್ಪಿನ ಸಹಜ ಸ್ವಭಾವವಾಗಿದ್ದರೆ ಅದು ಎಲ್ಲರಿಗೂ ಬರಬೇಕಿತ್ತಲ್ಲವೇ? ಅರವತ್ತರ ಆಸುಪಾಸಿನಲ್ಲಿದ್ದ ವರಕವಿ ಬೇಂದ್ರೆಯವರು ‘ಅರಳು ಮರಳು’ ಎಂದೇ ತಮ್ಮ ಕವನಸಂಕಲನಕ್ಕೆ ಹೆಸರಿಟ್ಟು, 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು ಈ ಗಾದೆಗೆ ದೊರೆತ ಸೊಗಸಾದ ಉತ್ತರ.

ರೋಗವನ್ನು ವಯಸ್ಸೆಂದು ಕರೆದು ಕೈಚೆಲ್ಲುವುದಕ್ಕೆ ಜೈನ ಪರಿಭಾಷೆಯಲ್ಲಿ ಒಂದೇ ಹೆಸರು: ಪ್ರಮಾದ. ಆಚಾರ್ಯರು ಹಿಂಸೆಯನ್ನು ನಿರೂಪಿಸುವಾಗ ಅದರ ಮೂಲದಲ್ಲಿ ಇರಿಸಿದ್ದು ಕತ್ತಿಯನ್ನಲ್ಲ, ಪ್ರಮಾದವನ್ನು. ಇರುವೆಯ ಪ್ರಾಣಕ್ಕೆ ಅಳುಕಿ ನೋಡಿ ಹೆಜ್ಜೆಯಿಡುವ ಮನೆಯಲ್ಲಿ, ಎದುರಿಗೇ ಕುಳಿತ ತಾಯಿಯ ನೆನಪು ದಿನದಿನಕ್ಕೆ ಕುಸಿಯುತ್ತಿರುವುದು ಕಣ್ಣಿಗೆ ಬೀಳದಿದ್ದರೆ ಅದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು?

ಬೆಂಗಳೂರಿನ ಉತ್ತರದಂಚಿನ ಕೋಗಿಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಕಾಲಕ್ಕೆ ಯಲಹಂಕದ ಮಗ್ಗುಲಿನ ಕೆರೆಯ ಹಳ್ಳಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಗೆ ಎದ್ದ ಬಡಾವಣೆಗಳ ಸಾಲಿನಲ್ಲಿ ಅದೂ ಸೇರಿತು. ನೌಕರಿಗಾಗಿ ಇಲ್ಲಿ ಮನೆ ಮಾಡಿದ ಮಕ್ಕಳು ಹಾಸನ, ಮೂಡುಬಿದಿರೆ, ಧಾರವಾಡದ ಕಡೆಯಿಂದ ತಂದೆತಾಯಿಗಳನ್ನು ಕರೆತರುತ್ತಾರೆ. ಹಾಗೆ ಬಂದ ಒಬ್ಬ ವಿಧವೆ ತಾಯಿಯನ್ನು ಕಲ್ಪಿಸಿಕೊಂಡರೆ ಸಾಕು. ಊರಿನಲ್ಲಿ ನಲವತ್ತು ವರ್ಷ ನಡೆದ ಬಸದಿಯ ದಾರಿಯನ್ನು ಆಕೆಯ ಕಾಲೇ ಬಲ್ಲುದು. ಅಡುಗೆಮನೆಯ ಯಾವ ಗೂಡಿನಲ್ಲಿ ಯಾವ ಡಬ್ಬಿಯೆಂಬುದನ್ನು ಕೈಯೇ ಬಲ್ಲುದು. ನೆನಪು ಸವೆಯತೊಡಗಿದ್ದರೂ ಊರು ಅದನ್ನು ಹೊತ್ತು ನಡೆಸುತ್ತಿತ್ತು. ಕೋಗಿಲಿನ ಏಳನೆಯ ಮಹಡಿಗೆ ಬಂದ ದಿನ ಆ ಆಸರೆ ಕಳಚಿತು. ಎಲ್ಲ ಬಾಗಿಲುಗಳೂ ಒಂದೇ ಬಣ್ಣ, ಎಲ್ಲ ಕಟ್ಟಡಗಳೂ ಒಂದೇ ಎತ್ತರ. ತಿಂಗಳೊಳಗೆ ಆಕೆ ಬೇರೆಯವರ ಮನೆಯ ಕರೆಗಂಟೆ ಒತ್ತುತ್ತಾರೆ; ಕೆಳಗೆ ಹೋದವರು ಕಾವಲುಗಾರನ ಜತೆ ಮೇಲೆ ಬರುತ್ತಾರೆ. ‘ಹೊಸ ಜಾಗ, ಅಭ್ಯಾಸವಾಗಲಿ’ ಎನ್ನುತ್ತಾನೆ ಮಗ. ಹೊಸ ಜಾಗದಲ್ಲಿ ಯಾರೂ ಒಂದೆರಡು ಸಲ ದಾರಿ ತಪ್ಪಬಹುದು. ಆದರೆ ಆರು ತಿಂಗಳಾದರೂ ಲಿಫ್ಟಿನ ಗುಂಡಿ ಗೊತ್ತಾಗದಿದ್ದರೆ, ಅರ್ಧ ಜೀವಮಾನ ಮಾಡಿದ ಹುಳಿಯಲ್ಲಿ ಬೇಳೆ ಮೊದಲೋ ತರಕಾರಿ ಮೊದಲೋ ಎಂದು ಆಕೆ ಒಲೆಯ ಮುಂದೆ ನಿಂತುಬಿಟ್ಟರೆ, ತಪ್ಪು ಜಾಗದ್ದಲ್ಲ. ಜಾಗ ಬದಲಾದದ್ದು ರೋಗವನ್ನು ತಂದಿಲ್ಲ, ಮರೆಯಲ್ಲಿದ್ದುದನ್ನು ಹೊರಗೆ ತೋರಿಸಿದೆ.

ಇಲ್ಲಿ ಜೈನ ಮನೆಗಳಿಗೇ ವಿಶೇಷವಾದ ಒಂದು ಭ್ರಮೆ ಅಡ್ಡಬರುತ್ತದೆ. ‘ಅಮ್ಮನಿಗೆ ಮರೆವೇ? ಭಕ್ತಾಮರದ 48 ಶ್ಲೋಕಗಳನ್ನೂ ಒಂದಕ್ಷರ ತಪ್ಪದೆ ಹೇಳುತ್ತಾರೆ!’ ಎಂದು ಮಗಳು ಹೆಮ್ಮೆಯಿಂದ ಹೇಳುತ್ತಾಳೆ. ಹೇಳುತ್ತಾರೆ, ಸಂದೇಹವಿಲ್ಲ. ಆದರೆ ಅದು ಈ ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳನ್ನು ಶಾಸ್ತ್ರವು ಹೇಳುತ್ತದೆ. ಕಂಡದ್ದನ್ನು ಗ್ರಹಿಸಿ, ವಿಚಾರಿಸಿ, ನಿಶ್ಚಯಿಸಿ, ಕೊನೆಗೆ ಅದನ್ನು ಒಳಗೆ ಉಳಿಸಿಕೊಳ್ಳುವುದೇ ಧಾರಣಾ. ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಕಾಣುವ ಆಲ್ಜೈಮರ್ ರೋಗವು ಸಾಮಾನ್ಯವಾಗಿ ಮೊದಲು ಕೈಹಾಕುವುದು ಹೊಸತನ್ನು ಉಳಿಸಿಕೊಳ್ಳುವ ಈ ಶಕ್ತಿಗೆ. ಮಿದುಳಿನಲ್ಲಿ ಅದಕ್ಕೆ ನೆರವಾಗುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮೊದಮೊದಲೇ ಕುಗ್ಗತೊಡಗುತ್ತದೆ. ಬಾಲ್ಯದಲ್ಲಿ ಕಲಿತು ಸಾವಿರ ಸಲ ಪಠಿಸಿದ ಸ್ತೋತ್ರ ಬಹುಕಾಲ ಅಳಿಯುವುದಿಲ್ಲ. ಆದ್ದರಿಂದ ಸ್ತೋತ್ರ ಬರುತ್ತದೆಯೇ ಎಂದು ಪರೀಕ್ಷಿಸಿ ಫಲವಿಲ್ಲ. ಬೆಳಿಗ್ಗೆ ಬಸದಿಯಲ್ಲಿ ಯಾರನ್ನು ಕಂಡರು, ಇಂದು ಚತುರ್ದಶಿಯೇ ಅಷ್ಟಮಿಯೇ, ನಿನ್ನೆಯ ಉಪವಾಸಕ್ಕೆ ಇಂದು ಪಾರಣೆಯಾಯಿತೇ ಇಲ್ಲವೇ, ಇವು ಕೇಳಬೇಕಾದ ಪ್ರಶ್ನೆಗಳು. ಪರಿಚಿತರ ಹೆಸರು ಬಾಯಿಗೆ ಬಾರದೆ ಸಂಜೆಯ ವೇಳೆಗೆ ತಾನಾಗಿ ನೆನಪಾದರೆ ಅದು ಎಲ್ಲ ವೃದ್ಧರ ಅನುಭವ. ಅವರು ಮನೆಗೆ ಬಂದು ಊಟ ಮಾಡಿ ಹೋದ ಸಂಗತಿಯೇ ಅಳಿಸಿಹೋಗಿದ್ದರೆ, ನೆನಪಿಸಿದ ಮೇಲೂ ಹೊಳೆಯದಿದ್ದರೆ, ಅದು ಬೇರೆಯ ಮಾತು.

ಈ ಮರೆವನ್ನು ಮೊದಲು ಅರಿಯುವವರು ಅನೇಕ ವೇಳೆ ಸ್ವತಃ ಆ ಹಿರಿಯರೇ. ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಹೇಳಿರುವ ಅತಿಚಾರಗಳಲ್ಲಿ ಸ್ಮೃತ್ಯನುಪಸ್ಥಾನವೂ, ಅಂದರೆ ಮಾಡಬೇಕಾದುದನ್ನು ಮರೆಯುವುದೂ, ಒಂದು. ಶ್ರದ್ಧಾವಂತ ಶ್ರಾವಿಕೆ ತನ್ನ ಮರೆವನ್ನು ಈ ದೋಷವೆಂದೇ ಎಣಿಸಿ, ಪ್ರಾಯಶ್ಚಿತ್ತವೆಂದು ಮತ್ತೊಂದು ಉಪವಾಸ ಕೈಗೊಂಡರೆ ಆಶ್ಚರ್ಯವಿಲ್ಲ. ಮಧುಮೇಹವಿದ್ದವರಿಗೆ ಇದು ಪ್ರಾಣಾಪಾಯದ ದಾರಿ. ಶಾಸ್ತ್ರಕಾರರು ಹೇಳಿದ್ದು ಅನಾದರದ, ಅನವಧಾನದ ಮರೆವನ್ನು. ರೋಗದಿಂದ ಮಿದುಳು ಕ್ಷೀಣಿಸಿದವರ ಮರೆವನ್ನಲ್ಲ. ಈ ಎರಡರ ಅಂತರವನ್ನು ಆಕೆಗೆ ಬಿಡಿಸಿ ಹೇಳಬೇಕಾದವರು ಮನೆಯವರೂ ಮಂದಿರದ ಪಂಡಿತರೂ ಅಲ್ಲದೆ ಇನ್ನಾರು?

ಇನ್ನು ಸೊಸೆಯ ಮಾತು. ಮರೆವು ಮಾತ್ರವೇ ಈ ರೋಗದ ಮುಖವಲ್ಲ. ಸಂಶಯ, ಸಿಡುಕು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಮೂಲೆ ಹಿಡಿಯುವುದು, ಹಣದ ಲೆಕ್ಕದಲ್ಲಿ ಎಡವುವುದು, ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ಇವೂ ಅದರ ಮುನ್ಸೂಚನೆಗಳು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1901ರಲ್ಲಿ ಆಲೋಯ್ಸ್ ಆಲ್ಜೈಮರ್ ಎಂಬ ವೈದ್ಯರು ಕಂಡ ಆಗುಸ್ತೆ ಡೇಟರ್ ಎಂಬ 51ರ ಮಹಿಳೆಯ ಮನೆಯವರು ಮೊದಲು ಗುರುತಿಸಿದ್ದು ಮರೆವನ್ನಲ್ಲ. ಗಂಡನ ಮೇಲೆ ಆಕೆ ತೋರತೊಡಗಿದ ಸಂಶಯವನ್ನು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ ವೈದ್ಯರು ಮಂಡಿಸಿದ ವಿವರದಿಂದಲೇ ರೋಗಕ್ಕೆ ಆ ಹೆಸರು ಬಂತು. ಇಲ್ಲಿಯ ಮನೆಗಳಲ್ಲಿ ಆ ಸಂಶಯ ಗಂಡನ ಬದಲು ಸೊಸೆಯ ಮೇಲೋ ಕೆಲಸದವಳ ಮೇಲೋ ಎರಗುತ್ತದೆ. ‘ನನ್ನ ಬಳೆ ಕದ್ದಿದ್ದಾಳೆ’ ಎಂದು ಅತ್ತೆ ನೆರೆಮನೆಯಲ್ಲಿ ಹೇಳುತ್ತಾರೆ. ಬಳೆ ಅವರದೇ ದಿಂಬಿನ ಚೀಲದಲ್ಲಿರುತ್ತದೆ. ಇಟ್ಟ ನೆನಪು ಅಳಿಸಿದೆ, ಕಳೆದ ದುಃಖ ಉಳಿದಿದೆ. ಆ ತೆರವನ್ನು ಮನಸ್ಸು ಕಳ್ಳಿಯಿಂದ ತುಂಬಿಕೊಳ್ಳುತ್ತದೆ. ಇದನ್ನು ಅತ್ತೆ-ಸೊಸೆಯ ಜಗಳವೆಂದು ತೀರ್ಮಾನಿಸುವ ಬಂಧುಗಳಿಗೆ ಕೊರತೆಯಿಲ್ಲ. ಹಗಲೆಲ್ಲ ಜತೆಯಲ್ಲಿರುವ ಸೊಸೆ ‘ಅತ್ತೆಯವರಿಗೆ ಏನೋ ಆಗಿದೆ’ ಎಂದರೆ ಅದು ದೂರು. ಭಾನುವಾರ ಅರ್ಧಗಂಟೆ ಫೋನಿನಲ್ಲಿ ಮಾತಾಡುವ ಪರದೇಶದ ಮಗ ‘ಅಮ್ಮ ಚೆನ್ನಾಗಿಯೇ ಇದ್ದಾಳೆ’ ಎಂದರೆ ಅದು ಪ್ರಮಾಣ! ಅರ್ಧಗಂಟೆ ಎಲ್ಲರೂ ಚೆನ್ನಾಗಿ ಮಾತಾಡಬಲ್ಲರು. ವೈದ್ಯರು ಕೇಳಿ ತಿಳಿಯಬಯಸುವುದು ದಿನವೂ ಜತೆಗಿರುವವರ ಸಾಕ್ಷ್ಯವನ್ನು.

ಗೊತ್ತಾದ ಮೇಲೂ ಮುಚ್ಚಿಡುವವರು ಬಹಳ. ಮೊಮ್ಮಗಳ ವಿವಾಹಕ್ಕೆ ಅಡ್ಡಿಯಾದೀತೆಂಬ ಭಯ. ‘ತಲೆ ಕೆಟ್ಟಿದೆ’ ಎಂಬ ಹೆಸರು ಬಂದೀತೆಂಬ ಅಂಜಿಕೆ. ಇದಕ್ಕೆ ಉಪಗೂಹನ ಅಂಗದ ಆಧಾರ ಕೊಡುವ ಜಾಣರೂ ಇಲ್ಲದಿಲ್ಲ. ಅನ್ಯರ ದೋಷವನ್ನು ಬೀದಿಗೆ ತಾರದಿರುವುದು ಉಪಗೂಹನ. ರೋಗವು ದೋಷವೆಂದು ಹೇಳಿದವರಾರು? ಸಮ್ಯಗ್ದರ್ಶನದ ಅದೇ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ಅದಕ್ಕೆ ಉದಾಹರಣೆಯಾಗಿ ನಿಂತ ಉದ್ದಾಯನ ರಾಜನು ರೋಗಿಯಾದ ಮುನಿಯ ವಾಂತಿಯನ್ನು ತನ್ನ ಕೈಯಿಂದ ತೊಳೆದನೇ ಹೊರತು ಮುಚ್ಚಿಡಲಿಲ್ಲ. ಇಳಿವಯಸ್ಸಿನಲ್ಲಿ ಬರುವ ಆಲ್ಜೈಮರ್ ಬಹುಪಾಲು ನೇರವಾಗಿ ವಂಶದಿಂದ ವಂಶಕ್ಕೆ ಇಳಿಯುವ ರೋಗವೂ ಅಲ್ಲ. 2016ರಲ್ಲಿ ತೆರೆಗೆ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರು ಮರೆವಿನ ರೋಗಿಯಾದ ತಂದೆಯ ಪಾತ್ರ ವಹಿಸಿದಾಗ ಕಣ್ಣೀರು ಒರೆಸಿಕೊಂಡ ಪ್ರೇಕ್ಷಕರು, ಮನೆಗೆ ಬಂದು ತಮ್ಮ ತಂದೆಯ ಕಾಯಿಲೆಯನ್ನು ನೆರೆಯವರಿಂದ ಬಚ್ಚಿಡುವುದು ವಿಚಿತ್ರ. ನೆರೆಯವರಿಗೆ ಗೊತ್ತಿಲ್ಲದಿದ್ದರೆ, ಕೋಗಿಲು ಕ್ರಾಸಿನಲ್ಲಿ ದಿಕ್ಕುತೋಚದೆ ನಿಂತ ವೃದ್ಧರನ್ನು ಕೈಹಿಡಿದು ಕರೆತರುವವರು ಯಾರು?

‘ಜ್ಞಾನಾವರಣೀಯ ಕರ್ಮದ ಉದಯ, ಯಾರೇನು ಮಾಡಲಾದೀತು’ ಎಂಬುದು ಇನ್ನೊಂದು ಉತ್ತರ. ಜ್ವರವೂ ಅಸಾತಾವೇದನೀಯದ ಉದಯವೇ. ಜ್ವರ ಬಂದಾಗ ಈ ಮಾತನಾಡುವವರು ವೈದ್ಯರ ಬಳಿಗೆ ಓಡುವುದಿಲ್ಲವೇ? ಈ ಉತ್ತರದ ಅಪಾಯ ಇಷ್ಟಕ್ಕೇ ನಿಲ್ಲುವುದಿಲ್ಲ. ಮರೆವಿನಂತೆ ತೋರುವುದೆಲ್ಲವೂ ವಾಸಿಯಾಗದ ರೋಗವಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆಯಿಂದ ಮತಿ ಮಂಕಾಗುತ್ತದೆ. ಪತಿವಿಯೋಗದ ನಂತರದ ಖಿನ್ನತೆ ಮರೆವಿನ ವೇಷ ತೊಡುತ್ತದೆ. ಬಚ್ಚಲಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾದವರಲ್ಲಿ ರಕ್ತ ಮೆಲ್ಲಗೆ ಒಸರಿ ವಾರಗಳ ನಂತರ ಗೊಂದಲ ಕಾಣಿಸಬಹುದು. ನಿದ್ರೆಯ ಮಾತ್ರೆಗಳಿಂದಲೂ ಹೀಗಾಗುವುದುಂಟು. ಒಂದೆರಡು ದಿನಗಳಲ್ಲಿ ಥಟ್ಟನೆ ಎದ್ದ ಗೊಂದಲವಾದರೆ ಸೋಂಕೋ ರಕ್ತದಲ್ಲಿ ಲವಣಾಂಶದ ಕುಸಿತವೋ ಇರಬಹುದು. ಅದಕ್ಕೆ ಅಂದೇ ಆಸ್ಪತ್ರೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಜೈನ ಮನೆಗಳು ಗಮನಿಸಬೇಕಾದದ್ದು ಬಿ-12 ಜೀವಸತ್ವದ ಕೊರತೆ. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಬಹುಮಟ್ಟಿಗೆ ಹಾಲು ಮೊಸರಿನಿಂದ. ರಸತ್ಯಾಗದ ವ್ರತದಲ್ಲಿ ಅದನ್ನೂ ಬಿಡುವವರಿದ್ದಾರೆ. ವಯಸ್ಸಾದಂತೆ ದೇಹವು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಇನ್ನಷ್ಟು ಕಡಿಮೆಯಾಗಬಹುದು. ಕೊರತೆಯನ್ನು ಬೇಗ ಕಂಡರೆ ಮಾತ್ರೆ ಚುಚ್ಚುಮದ್ದುಗಳಿಂದ ತುಂಬಬಹುದು, ತಡವಾದರೆ ನರಗಳಿಗಾದ ಹಾನಿ ಪೂರ್ತಿ ಹಿಂದಿರುಗದು. ಆಹಾರನಿಯಮಕ್ಕೆ ಭಂಗ ಬೇಕಿಲ್ಲ. ಜಿಲಾಟಿನ್ ಕವಚವಿಲ್ಲದ ಮಾತ್ರೆಗಳು ದೊರೆಯುತ್ತವೆ. ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದಾದ ಸಂಗತಿಗೆ ಕರ್ಮಸಿದ್ಧಾಂತವನ್ನು ಸಾಕ್ಷಿ ಕರೆಯುವುದು ಸಿದ್ಧಾಂತಕ್ಕೆ ಮಾಡುವ ಅಪಚಾರ.

ಎಲ್ಲಕ್ಕಿಂತ ಖೇದಕರವಾದದ್ದು ರೋಗವನ್ನು ವೈರಾಗ್ಯವೆಂದು ಭ್ರಮಿಸುವುದು. ಮಾತು ಕಡಿಮೆಯಾಯಿತು, ಮೊಮ್ಮಕ್ಕಳಲ್ಲಿ ಆಸೆ ಹೋಯಿತು, ಊಟದಲ್ಲಿ ರುಚಿ ಉಳಿಯಲಿಲ್ಲ. ಬಂಧುಗಳು ಕೈಮುಗಿದು ‘ಅಜ್ಜಿಗೆ ಸಂಸಾರದ ಮೋಹ ಕಳೆಯಿತು’ ಎನ್ನುತ್ತಾರೆ. ಮೋಹ ಕಳೆದವರಿಗೆ ತಾವು ಏನನ್ನು ಬಿಟ್ಟೆವೆಂಬ ಅರಿವಿರುತ್ತದೆ. ಹಲ್ಲುನೋವನ್ನು ಹೇಳಲಾರದೆ, ನುಂಗಲು ಬಾರದೆ, ವಾಸನೆ ತಿಳಿಯದೆ, ಉಂಡೆನೋ ಇಲ್ಲವೋ ಎಂಬುದೇ ನೆನಪಿಲ್ಲದೆ ತಟ್ಟೆಯನ್ನು ಸರಿಸಿದವರದು ತ್ಯಾಗವಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ, ದೇಶದಾದ್ಯಂತ ಜೈನರು ಬೀದಿಗಿಳಿದು ಪ್ರತಿಭಟಿಸಿದರು. ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಸಮಾಜವು ಅಂದು ಮುಂದಿಟ್ಟ ವಾದದ ತಿರುಳು ಒಂದೇ: ಸಲ್ಲೇಖನವು ಸಂಪೂರ್ಣ ಎಚ್ಚರದಲ್ಲಿ, ಸ್ವಂತ ವಿವೇಕದಿಂದ ಸ್ವೀಕರಿಸುವ ವ್ರತ. ಆ ವಾದ ನಿಜವಾಗಿದ್ದರೆ, ಯಾವ ವಾರವೆಂದು ತಿಳಿಯದ ವೃದ್ಧೆಯ ನಿರಾಹಾರಕ್ಕೆ ಆ ಪವಿತ್ರ ಹೆಸರನ್ನು ಕೊಡುವ ಅಧಿಕಾರ ಯಾರಿಗೂ ಇಲ್ಲ. ಕೊಟ್ಟವರು ವೃದ್ಧೆಗೂ ವ್ರತಕ್ಕೂ ಏಕಕಾಲದಲ್ಲಿ ದ್ರೋಹ ಬಗೆದಂತೆ.

‘ಗೊತ್ತಾಗಿ ಏನು ಪ್ರಯೋಜನ, ಔಷಧವಿಲ್ಲವಲ್ಲ’ ಎಂಬ ಪ್ರಶ್ನೆ ಮಾತ್ರ ಉತ್ತರಕ್ಕೆ ಅರ್ಹವಾದದ್ದು. ಆಲ್ಜೈಮರ್ ರೋಗವನ್ನು ಬೇರುಸಹಿತ ಕೀಳುವ ಔಷಧ ಇಲ್ಲ, ಸತ್ಯ. ಡೊನೆಪೆಜಿಲ್, ಮೆಮಾಂಟಿನ್ ಮೊದಲಾದವು ಕೆಲವರಿಗೆ ಕೆಲವು ಕಾಲ ನೆರವಾಗುತ್ತವೆ, ಅಷ್ಟೆ. ಆದರೆ ರಕ್ತದೊತ್ತಡ, ಮಧುಮೇಹ, ಕಿವುಡು, ದೃಷ್ಟಿದೋಷ, ಒಂಟಿತನಗಳನ್ನು ಸರಿಪಡಿಸಲು ಬರುತ್ತದೆ. ಇಂಥ 14 ಕಾರಣಗಳನ್ನು ಜೀವಮಾನದುದ್ದಕ್ಕೂ ನಿವಾರಿಸಿದರೆ ಜಗತ್ತಿನ ಈ ರೋಗದ ಸುಮಾರು ಶೇಕಡ 45ರಷ್ಟನ್ನು ತಡೆಯಲು ಇಲ್ಲವೆ ಮುಂದೂಡಲು ಸಾಧ್ಯವಿರಬಹುದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಳಿ 2024ರಲ್ಲಿ ಹೇಳಿತು. ಅದಕ್ಕಿಂತ ದೊಡ್ಡದು, ಬೇಗ ತಿಳಿದರೆ ಹಿರಿಯರ ಸ್ವಂತ ಮಾತನ್ನು ಕೇಳಿ ಬರೆದಿಡಲು ಸಮಯ ದೊರೆಯುತ್ತದೆ. ಆಸ್ತಿಯ ವ್ಯವಸ್ಥೆ ಹೇಗೆ, ಯಾವ ನಿಯಮವನ್ನು ಕೊನೆಯವರೆಗೆ ನಡೆಸಬೇಕು, ಯಾವುದನ್ನು ಬಿಟ್ಟರೆ ಅವರಿಗೆ ನೋವಿಲ್ಲ, ಯಾರ ಮನೆಯಲ್ಲಿರಲು ಇಷ್ಟ, ಇವಕ್ಕೆಲ್ಲ ಅವರೇ ಉತ್ತರಿಸಬಲ್ಲರು. ಸ್ಮೃತಿಯ ಗಂಭೀರ ವಿಕಾರವನ್ನೂ ಮಾನಸಿಕ ಅಸ್ವಾಸ್ಥ್ಯದ ವ್ಯಾಖ್ಯೆಯಲ್ಲಿ ಒಳಗೊಂಡ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಚಿಕಿತ್ಸೆ ಹೇಗಿರಬೇಕೆಂಬ ಮುಂಗಡ ನಿರ್ದೇಶವನ್ನು ಬರೆದಿಡಲೂ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸಲೂ ಅವಕಾಶವಿತ್ತಿದೆ. ವಿವೇಕವಿರುವಾಗ ಬರೆದರೆ ಮಾತ್ರ ಅದಕ್ಕೆ ಬೆಲೆ.

ದೂರವೂ ನೆಪವಾಗಲಾರದು. ರಕ್ತಪರೀಕ್ಷೆ ಯಲಹಂಕದಲ್ಲಿಯೇ ಆಗುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ನಗರದ ಮತ್ತೊಂದು ತುದಿಗಿದ್ದರೂ ನಾಡಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕಸ್ತೂರಿನಗರದಲ್ಲಿ ಮರೆವಿನ ರೋಗಿಗಳಿಗೆಂದೇ ನೈಟಿಂಗೇಲ್ಸ್ ಸಂಸ್ಥೆಯ ಕೇಂದ್ರವಿದೆ. ನೆನಪಿನ ಪರೀಕ್ಷೆಗಳನ್ನು ಕನ್ನಡದಲ್ಲಿಯೇ ರೂಪಿಸಲಾಗಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಮನೆಯಿಂದಲೇ ಕರೆ ಮಾಡಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದ ದೀರ್ಘಾವಧಿ ಅಧ್ಯಯನಕ್ಕೆ ತಮ್ಮ ನೆನಪಿನ ಶಕ್ತಿಯನ್ನು ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡುತ್ತಿದ್ದಾರೆ. ಆ ರೈತರಿಗಿಲ್ಲದ ಸಂಕೋಚ ರಾಜಧಾನಿಯ ವಿದ್ಯಾವಂತ ಮನೆಗಳಿಗೇಕೆ?

ಮಂದಿರದ ಟ್ರಸ್ಟುಗಳೂ ಇದರಿಂದ ಹೊರತಲ್ಲ. ಅಭಿಷೇಕದ ಕಲಶಕ್ಕೆ ಬೋಲಿ ಕೂಗುವ ಸಂಭ್ರಮದಲ್ಲಿ ವೃದ್ಧರೊಬ್ಬರು ಹೋದ ತಿಂಗಳು ಘೋಷಿಸಿದ ಮೊತ್ತವನ್ನೇ ಈ ತಿಂಗಳೂ, ಮೊದಲ ಸಲವೆಂಬಂತೆ, ಘೋಷಿಸಿದರೆ ಚಪ್ಪಾಳೆ ತಟ್ಟಿ ರಶೀದಿ ಬರೆಯುವ ಮೊದಲು ಕಾರ್ಯದರ್ಶಿಗಳು ಒಂದು ಕ್ಷಣ ನಿಲ್ಲಬೇಕು. ತಾನು ಮಾಡುವ ಒಪ್ಪಂದವನ್ನು ಅರಿತು ವಿವೇಚಿಸಬಲ್ಲವನ ಒಪ್ಪಂದಕ್ಕೆ ಮಾತ್ರ 1872ರ ಕರಾರು ಕಾಯಿದೆಯ ಮಾನ್ಯತೆಯುಂಟು. ಕಾಯಿದೆಯ ಮಾತು ಹಾಗಿರಲಿ, ಅರಿವಿಲ್ಲದವರಿಂದ ಪಡೆದ ಧನ ಅಸ್ತೇಯ ವ್ರತದ ಒರೆಗಲ್ಲಿನಲ್ಲಿ ದಾನವೆನಿಸೀತೇ? ಅಂಥ ಹಣವನ್ನು ಮನೆಯವರಿಗೆ ತಿಳಿಸಿ ಹಿಂದಿರುಗಿಸುವ ನಿರ್ಣಯವನ್ನು ಪ್ರತಿ ವಿಶ್ವಸ್ತ ಮಂಡಳಿಯೂ ಬರವಣಿಗೆಯಲ್ಲಿ ಮಾಡಿಡುವುದು ಉಚಿತ.

ಅರ್ಚಕರು ಕಾಣುವುದು ಇನ್ನೂ ಹೆಚ್ಚು. ಪ್ರದಕ್ಷಿಣೆಯ ಲೆಕ್ಕ ತಪ್ಪುವವರು, ಚಪ್ಪಲಿ ಬಿಟ್ಟ ಜಾಗ ಮರೆತು ದಿನವೂ ಕಣ್ಣೀರಿಡುವವರು, ಪೂಜೆಯ ನಡುವೆ ಅರ್ಘ್ಯದ ಕ್ರಮ ಮರೆತು ತಟ್ಟೆ ಹಿಡಿದು ನಿಂತುಬಿಡುವವರು ಅವರ ಕಣ್ಣಿಗೆ ಮೊದಲು ಬೀಳುತ್ತಾರೆ. ಹತ್ತು ಜನರ ಮುಂದೆ ಆಡದೆ, ಮನೆಯವರನ್ನು ಪಕ್ಕಕ್ಕೆ ಕರೆದು ಹೇಳಿದರೆ ಸಾಕು. ವೈಯಾವೃತ್ಯವು ಮುನಿಗಳ ಕಾಲೊತ್ತುವುದಕ್ಕೆ ಮಾತ್ರ ಮೀಸಲಾದ ತಪಸ್ಸೆಂದು ಭಾವಿಸುವವರು, ‘ಮಂದಿರವೇನು ಆಸ್ಪತ್ರೆಯೇ?’ ಎಂದು ಇದಕ್ಕೂ ಆಕ್ಷೇಪಿಸಿಯಾರು. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಸೇರಿಸಿದವರಿಗೆ ಆ ಸಂದೇಹ ಇದ್ದಂತಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 21ನ್ನು ವಿಶ್ವ ಆಲ್ಜೈಮರ್ ದಿನವೆಂದು ಆಚರಿಸುತ್ತಾರೆ. ದಶಲಕ್ಷಣ ಪರ್ವವೂ ಅದರ ಆಸುಪಾಸಿನಲ್ಲಿಯೇ ಬರುತ್ತದೆ. ಪರ್ವದ ಹತ್ತು ಸಂಜೆಗಳ ಪ್ರವಚನಗಳಲ್ಲಿ ಒಂದನ್ನು ಈ ವಿಷಯ ಬಲ್ಲ ವೈದ್ಯರಿಗೆ ಬಿಟ್ಟುಕೊಟ್ಟು, ಮುಂದಿನ ಸಾಲಿನಲ್ಲಿ ಸೊಸೆಯಂದಿರನ್ನು ಕೂರಿಸಿ, ಅವರ ಪ್ರಶ್ನೆಗಳಿಗೆ ಮೊದಲು ಉತ್ತರ ಕೊಡಿಸಲು ಯಾವ ಟ್ರಸ್ಟಿನ ನಿಯಮಾವಳಿಯೂ ಅಡ್ಡಬರುವುದಿಲ್ಲ.